ಮಂದಪಾಕದ ಪಾತ್ರೆಯೂ ಮನೆಯವರ ಬಿಡುವೂ



ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಲೇಖನವನ್ನು ಬರೆಯುವಾಗ ವಿದ್ಯೆಯ ಮಹಿಮೆಯನ್ನಾಗಲಿ ಶಿಸ್ತಿನ ಆವಶ್ಯಕತೆಯನ್ನಾಗಲಿ ಕುರಿತು ಬರೆಯುವುದು ವಾಡಿಕೆ. ನಾವು ಈ ಸಲ ಅಡುಗೆಯ ವಿಷಯವನ್ನು ಆರಿಸಿಕೊಂಡಿರುವುದನ್ನು ಕಂಡು ಕೆಲವರು ಆಶ್ಚರ್ಯಪಡಬಹುದು. ಆದರೆ ಓದಿ ಮುಗಿಸುವುದರೊಳಗೆ ಇದೂ ವಿದ್ಯೆಯ ವಿಷಯವೇ ಎಂಬುದು ತಮಗೆ ಮನವರಿಕೆಯಾಗುವುದೆಂದು ನಂಬಿದ್ದೇವೆ.

ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬುದ್ಧಿವಂತೆ, ವಿನಯಶೀಲೆ. ಆದರೆ ದಿನವೂ ಮೊದಲನೆಯ ಪಾಠದಲ್ಲಿ ತೂಕಡಿಸುತ್ತಿದ್ದಳು; ವಾರಕ್ಕೆರಡು ದಿನ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಓಡಿಬರುತ್ತಿದ್ದಳು. ಅಧ್ಯಾಪಿನಿಯರು ದೂರಿಕೊಂಡುದರಿಂದ ನಾವು ಅವಳನ್ನು ಕರೆದು ವಿಚಾರಿಸಿದೆವು. ತಾಯಿಯು ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳು. ಬೆಳಿಗ್ಗೆ 7 ಗಂಟೆಗೆ ಮನೆ ಬಿಡಬೇಕು. ಆದುದರಿಂದ ಮಗಳು 5 ಗಂಟೆಗೆ ಎದ್ದು ಕುಚ್ಚಲಕ್ಕಿಯನ್ನು ಒಲೆಯ ಮೇಲಿಟ್ಟು, ಅದು ಬೇಯುವ ತನಕ ಕಾದು, ತಮ್ಮಂದಿರಿಬ್ಬರಿಗೆ ಬಡಿಸಿ ಶಾಲೆಗೆ ಬರತಕ್ಕದ್ದು. "ಅಷ್ಟು ಕಷ್ಟವಾಗುವುದೇ, ಮಗು?" ಎಂದು ಕೇಳಿದೆವು. "ಅಡುಗೆ ಕಷ್ಟ ಇಲ್ಲ ಟೀಚರ್, ಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ, ಅಷ್ಟೇ" ಅಂದಳು.

ಈ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ವಿಚಾರ ಮಾಡಿ ನೋಡಿದರೆ ಅಡುಗೆಗೆ ಎರಡು ವಿಧವಾದ ಹೊತ್ತು ಬೇಕಾಗುವುದು. ತೊಳೆಯುವುದು, ಹೆಚ್ಚುವುದು, ಅರೆಯುವುದು, ಒಗ್ಗರಣೆ ಹಾಕುವುದು – ಇವು ಕೈಯ ಕೆಲಸದ ಹೊತ್ತು. ಪದಾರ್ಥವು ಬೇಯುವ ತನಕ ಉಕ್ಕದಂತೆ, ತಳ ಹಿಡಿಯದಂತೆ, ಉರಿ ಆರದಂತೆ ನೋಡಿಕೊಂಡಿರುವುದು ಕಾವಲಿನ ಹೊತ್ತು. ಕೈಯ ಕೆಲಸವು ಅರ್ಧ ಗಂಟೆಯದಾದರೆ ಕಾವಲು ಒಂದೂವರೆ ಗಂಟೆಯದು. ಮನೆಯಲ್ಲಿ ಈ ಕಾವಲನ್ನು ಯಾರು ಕಾಯುವರೆಂಬುದನ್ನು ನಾವು ಹೇಳಬೇಕಾದುದಿಲ್ಲ. ತಾಯಿ ಕಾಯುವಳು, ತಾಯಿಗೆ ಹೊರಗೆ ಕೆಲಸವಿದ್ದರೆ ಹಿರಿಯ ಮಗಳು ಕಾಯುವಳು. ಭಾರತ ಸರಕಾರವು 2019ರಲ್ಲಿ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, 6 ವರ್ಷಕ್ಕೆ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸವನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕಾಗಿ ಕಳೆಯುತ್ತಿದ್ದರು. ಆ 299 ನಿಮಿಷಗಳಲ್ಲಿ ಒಲೆಯ ಕಾವಲಿನ ಪಾಲು ಚಿಕ್ಕದಾಗಿರಲಾರದು.

ಈ ಕಾವಲನ್ನು ಮನುಷ್ಯರ ಮೇಲಿನಿಂದ ತೆಗೆದು ಪಾತ್ರೆಯ ಮೇಲೆ ಹಾಕುವ ಉಪಾಯವೇ ಮಂದಪಾಕ. ಅಂಗಡಿಯಲ್ಲಿ ದೊರೆಯುವ ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯೂ, ಬಡವರು ತಾವೇ ಮಾಡಿಕೊಳ್ಳಬಹುದಾದ ಹುಲ್ಲಿನ ಪೆಟ್ಟಿಗೆಯೂ ಇದರ ಎರಡು ರೂಪಗಳು.

ಪಾತ್ರೆಯ ಹಿಂದಿನ ಕಥೆ

ಸ್ಲೋ ಕುಕ್ಕರಿನ ಹುಟ್ಟು ನಮ್ಮಂಥ ಶಾಲೆಯವರಿಗೆ ವಿಶೇಷವಾಗಿ ಸ್ವಾರಸ್ಯವಾದದ್ದು. ಯಾಕಂದರೆ ಅದರ ಬೇರು ಸತ್ಯವೇದದಲ್ಲಿರುವುದು. ಸಬ್ಬತ್ ದಿನದಲ್ಲಿ ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂಬ ವಿಧಿಯು ವಿಮೋಚನಕಾಂಡದ 35ನೆಯ ಅಧ್ಯಾಯದಲ್ಲಿ ಇದೆಯಷ್ಟೆ. ಆದರೂ ಆ ದಿನ ಮನೆಯವರಿಗೆ ಬಿಸಿಯೂಟ ಬೇಕು. ಪೂರ್ವ ಯೂರೋಪಿನ ಯೆಹೂದ್ಯ ಸ್ತ್ರೀಯರು ಶುಕ್ರವಾರ ಸಾಯಂಕಾಲ ಸೂರ್ಯಾಸ್ತಕ್ಕೆ ಮುಂಚೆ ಬೀನ್ಸ್ ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸ ಇವುಗಳನ್ನು ಒಂದು ಮಡಕೆಗೆ ತುಂಬಿ ಮುಚ್ಚಿ, ಊರಿನ ರೊಟ್ಟಿಯಂಗಡಿಯವನ ಒಲೆಯಲ್ಲಿಡುತ್ತಿದ್ದರು. ಆ ಒಲೆಯು ರಾತ್ರಿಯೆಲ್ಲ ಮೆಲ್ಲಮೆಲ್ಲನೆ ಆರುತ್ತಿರುವಾಗ ಮಡಕೆಯೊಳಗಿನದು ತಾನಾಗಿಯೇ ಬೇಯುತ್ತಿತ್ತು. ಮರುದಿನ ದೇವಾರಾಧನೆ ಮುಗಿಸಿ ಬಂದು ಅದನ್ನು ಉಣ್ಣುತ್ತಿದ್ದರು. ಈ ಪದಾರ್ಥಕ್ಕೆ ಚೋಲೆಂಟ್ ಎಂದು ಹೆಸರು.

ಅಮೇರಿಕದಲ್ಲಿ ಅರ್ವಿಂಗ್ ನ್ಯಾಕ್ಸನ್ ಎಂಬ ಯಂತ್ರಶಿಲ್ಪಿ ಇದ್ದನು. ಅವನ ತಾಯಿ ಲಿಥುವೇನಿಯ ದೇಶದಲ್ಲಿ ಕಳೆದ ತನ್ನ ಬಾಲ್ಯವನ್ನು ನೆನೆದು ಈ ಚೋಲೆಂಟಿನ ಕಥೆಯನ್ನು ಮಗನಿಗೆ ಹೇಳಿದ್ದಳು. ರೊಟ್ಟಿಯಂಗಡಿಯ ಒಲೆ ಮಾಡುವ ಕೆಲಸವನ್ನು ಮನೆಯಲ್ಲಿ ವಿದ್ಯುತ್ತಿನಿಂದ ಮಾಡಿಸಬಹುದಲ್ಲವೇ ಎಂದು ಅವನು ಯೋಚಿಸಿ, ಕಾಯುವ ತಂತಿಯನ್ನು ಸುತ್ತಲೂ ಅಡಗಿಸಿದ ಮಡಕೆಯನ್ನು ನಿರ್ಮಿಸಿದನು. 1940ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1970ರಲ್ಲಿ ರೈವಲ್ ಎಂಬ ಕಂಪೆನಿಯು ಅವನ ವ್ಯಾಪಾರವನ್ನು ಕೊಂಡುಕೊಂಡು, 1971ರಲ್ಲಿ ಅದೇ ಪಾತ್ರೆಯನ್ನು ತಿದ್ದಿ ಕ್ರಾಕ್‌ಪಾಟ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಮನೆಯ ಹೆಂಗಸರು ಹೆಚ್ಚುಹೆಚ್ಚಾಗಿ ಹೊರಗೆ ಉದ್ಯೋಗಕ್ಕೆ ಹೋಗತೊಡಗಿದ್ದ ಆ ಕಾಲದಲ್ಲಿ ಅದು ಬಹಳ ಬೇಗನೆ ಪ್ರಸಿದ್ಧವಾಯಿತು.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಬಂಗಾಳದ ಇಂದುಮಾಧವ ಮಲ್ಲಿಕರು 1910ರಲ್ಲಿ ಇಕ್ಮಿಕ್ ಕುಕ್ಕರ್ ಎಂಬುದನ್ನು ಕಂಡುಹಿಡಿದರು. ಒಂದರ ಮೇಲೊಂದಾಗಿ ಜೋಡಿಸಿದ ಡಬ್ಬಿಗಳಲ್ಲಿ ಅನ್ನ, ಬೇಳೆ, ತರಕಾರಿ, ಮಾಂಸ ಇವುಗಳನ್ನಿಟ್ಟು, ಕೆಳಗೆ ಸ್ವಲ್ಪ ಇದ್ದಲು ಹೊತ್ತಿಸಿ, ನೀರಿನ ಹಬೆಯಿಂದ ಮೆಲ್ಲನೆ ಬೇಯಿಸುವ ಸಾಧನವದು. ಇನ್ನು ಬೆಂಕಿಯೇ ಇಲ್ಲದೆ ಬೇಯಿಸುವ ಪೆಟ್ಟಿಗೆಯನ್ನು ನಾರ್ವೆ ದೇಶದವರು 1867ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ್ದರು. ಎರಡು ಮಹಾಯುದ್ಧಗಳ ಕಾಲದಲ್ಲಿ ಇಂಗ್ಲೆಂಡಿನ ಗೃಹಿಣಿಯರು ಸೌದೆ ಕಲ್ಲಿದ್ದಲುಗಳನ್ನು ಉಳಿಸುವುದಕ್ಕೆ ಇಂಥ ಹುಲ್ಲಿನ ಪೆಟ್ಟಿಗೆಗಳನ್ನು ಬಳಸಿದರು. ನಮ್ಮ ಅಜ್ಜಿಯರು ರಾತ್ರಿ ಒಲೆಯ ಉರಿಯನ್ನು ಹಿಂದಕ್ಕೆಳೆದು, ಕೆಂಡದ ಮೇಲೆ ಬೂದಿ ಮುಚ್ಚಿ, ಅದರ ಮೇಲೆ ಮಡಕೆಯನ್ನಿಟ್ಟು ಮಲಗುತ್ತಿದ್ದುದೂ ಇದೇ ಶಾಸ್ತ್ರವಲ್ಲದೆ ಬೇರೆಯಲ್ಲ. ಅನಿಲದ ಒಲೆ ಬಂದಾಗ ಹೊಗೆ ಹೋಯಿತು, ಒಳ್ಳೆಯದಾಯಿತು. ಆದರೆ ಹೊಗೆಯೊಡನೆ ಆ ಕೆಂಡವೂ ಹೋಯಿತು.

ಅದು ಕೆಲಸ ಮಾಡುವ ಬಗೆ

ಸ್ಲೋ ಕುಕ್ಕರಿನಲ್ಲಿ ಮೂರು ಭಾಗಗಳು: ಒಳಗೆ ದಪ್ಪವಾದ ಪಿಂಗಾಣಿಯ ಪಾತ್ರೆ, ಹೊರಗೆ ಕಾಯುವ ತಂತಿಯುಳ್ಳ ಲೋಹದ ಕವಚ, ಮೇಲೆ ಗಾಜಿನ ಮುಚ್ಚಳ. ಕಾವು ತಳದಿಂದ ಮಾತ್ರವಲ್ಲದೆ ಸಾಮಾನ್ಯವಾಗಿ ಪಕ್ಕಗಳಿಂದಲೂ ಮೃದುವಾಗಿ ಬರುವುದರಿಂದ ಪದಾರ್ಥವು ತಳ ಹಿಡಿಯುವುದು ಅಪರೂಪ. ಮುಚ್ಚಳದ ಮೇಲೆ ಕೂಡುವ ಹಬೆ ನೀರಾಗಿ ಕೆಳಗಿಳಿಯುವುದರಿಂದ ನೀರು ಬತ್ತುವುದೂ ಕಡಿಮೆ. ಸಾಧಾರಣವಾಗಿ ಅದರಲ್ಲಿ 'ಲೋ' ಎಂಬ ಕೆಳಮಟ್ಟವೂ 'ಹೈ' ಎಂಬ ಮೇಲ್ಮಟ್ಟವೂ ಇರುವುವು. ಎರಡರಲ್ಲಿಯೂ ಪದಾರ್ಥವು ಕೊನೆಗೆ ಕುದಿಯ ಹತ್ತಿರಕ್ಕೆ ಬರುವುದು. ಮೇಲ್ಮಟ್ಟದಲ್ಲಿ ಬೇಗನೆ, ಕೆಳಮಟ್ಟದಲ್ಲಿ ತಡವಾಗಿ, ಇಷ್ಟೇ ಭೇದ. ಮೇಲ್ಮಟ್ಟದ 4 ಗಂಟೆಯ ಕೆಲಸಕ್ಕೆ ಕೆಳಮಟ್ಟದಲ್ಲಿ ಸುಮಾರು 8 ಗಂಟೆ ಬೇಕೆಂದು ಸ್ಥೂಲವಾಗಿ ಎಣಿಸಬಹುದು.

ಮನೆಯಲ್ಲಿ ಪ್ರೆಷರ್ ಕುಕ್ಕರ್ ಇರುವಾಗ ಇದೇಕೆ ಎಂದು ಕೇಳುವವರುಂಟು. ಪ್ರೆಷರ್ ಕುಕ್ಕರಿನೊಳಗೆ ಉಷ್ಣವು ಸುಮಾರು 120 ಡಿಗ್ರಿಗೆ ಏರುವುದರಿಂದ ಬೇಳೆಯು ಕಾಲು ಗಂಟೆಯಲ್ಲಿ ಬೇಯುವುದು, ಇದು ನಿಜ. ಆದರೆ ಸೀಟಿಗಳನ್ನು ಎಣಿಸುವುದಕ್ಕೂ ಒಲೆಯನ್ನು ಆರಿಸುವುದಕ್ಕೂ ಒಬ್ಬರು ಹತ್ತಿರವೇ ಇರಬೇಕು. ಅದು ಹೊತ್ತನ್ನು ಕಡಿಮೆ ಮಾಡುವುದು. ಮಂದಪಾಕದ ಪಾತ್ರೆಯು ಕಾವಲನ್ನೇ ತೆಗೆದುಹಾಕುವುದು. ಮನೆಯಲ್ಲಿ ಎರಡಕ್ಕೂ ಸ್ಥಳವಿದೆ.

ಖರ್ಚಿನ ವಿಷಯದಲ್ಲಿ ಉಳ್ಳದ್ದನ್ನು ಉಳ್ಳಂತೆ ಹೇಳಬೇಕು. ನಾಲ್ಕೈದು ಜನರಿಗೆ ಸಾಕಾಗುವ ಪಾತ್ರೆಯು ಸುಮಾರು 200 ವಾಟಿನದೆಂದು ಇಟ್ಟುಕೊಳ್ಳೋಣ. 8 ಗಂಟೆ ಉರಿದರೆ 1.6 ಯೂನಿಟ್ ಆಯಿತು. ಅದೇ ಬೇಳೆಯನ್ನು ಪ್ರೆಷರ್ ಕುಕ್ಕರಿನಲ್ಲಿ ಬೇಯಿಸಿದರೆ ಇದಕ್ಕಿಂತ ಕಡಿಮೆ ಇಂಧನವೇ ಸಾಕು. ಆದುದರಿಂದ ಸ್ಲೋ ಕುಕ್ಕರ್ ಹಣವನ್ನು ಉಳಿಸುವುದೆಂದು ಯಾರೂ ಕೊಂಡುಕೊಳ್ಳಬಾರದು. ಅದು ಉಳಿಸುವುದು ಮನುಷ್ಯರ ಹೊತ್ತನ್ನು. ಹಣವನ್ನೂ ಹೊತ್ತನ್ನೂ ಎರಡನ್ನೂ ಉಳಿಸತಕ್ಕದ್ದು ಹುಲ್ಲಿನ ಪೆಟ್ಟಿಗೆ.

ಹುಲ್ಲಿನ ಪೆಟ್ಟಿಗೆ

ಇದನ್ನು ಮಾಡುವುದು ಬಹು ಸುಲಭ. ಗಟ್ಟಿಯಾದ ಮರದ ಪೆಟ್ಟಿಗೆಯನ್ನಾಗಲಿ ದೊಡ್ಡ ಬುಟ್ಟಿಯನ್ನಾಗಲಿ ತೆಗೆದುಕೊಂಡು, ತಳದಲ್ಲಿಯೂ ಸುತ್ತಲೂ ನಾಲ್ಕು ಬೆರಳಿಗೆ ಕಡಿಮೆಯಾಗದಷ್ಟು ದಪ್ಪಕ್ಕೆ ಒಣಗಿದ ಬೈಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆ ಕೂಡುವಷ್ಟು ಗೂಡು ಮಾಡಬೇಕು. ಹಳೆಯ ಸೀರೆಯ ಬಟ್ಟೆಯಲ್ಲಿ ಹುಲ್ಲು ತುಂಬಿ ಹೊಲಿದ ದಿಂಬು ಮೇಲಿನ ಮುಚ್ಚಿಗೆಗೆ ಬೇಕು. ಹುಲ್ಲು ಸಿಕ್ಕದ ಪೇಟೆಯವರು ಹಳೆಯ ಕಂಬಳಿಗಳನ್ನು ಬಳಸಬಹುದು. ಅಕ್ಕಿಯ ಮುಡಿಯನ್ನು ಹುಲ್ಲಿನಲ್ಲಿ ಕಟ್ಟುತ್ತಿದ್ದ ಊರಿನವರಿಗೆ ಇದನ್ನು ಕಲಿಸಬೇಕಾದುದಿಲ್ಲ.

ಕುಚ್ಚಲಕ್ಕಿಯನ್ನು ಬಿಗಿಯಾದ ಮುಚ್ಚಳವುಳ್ಳ ಪಾತ್ರೆಯಲ್ಲಿ ಒಲೆಯ ಮೇಲಿಟ್ಟು, ಕುದಿ ಬಂದ ಮೇಲೆ 15 ನಿಮಿಷ ಚೆನ್ನಾಗಿ ಕುದಿಸಬೇಕು. ಆ ಮೇಲೆ ಮುಚ್ಚಳ ತೆರೆಯದೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ದಿಂಬನ್ನು ಹೊದಿಸಬೇಕು. ಸುಮಾರು ಎರಡು ಗಂಟೆಯಲ್ಲಿ ಅಕ್ಕಿ ಅರಳಿರುವುದು. ಪಾತ್ರೆಯು ಮುಕ್ಕಾಲಾದರೂ ತುಂಬಿರಬೇಕು. ಕಾಲು ಪಾತ್ರೆ ಗಂಜಿ ಬೇಗನೆ ಆರುವುದು. ಹುಲ್ಲನ್ನು ಆಗಾಗ ಬಿಸಿಲಿಗೆ ಹಾಕಬೇಕು; ಇಲ್ಲವಾದರೆ ಬೂಸು ಬರುವುದು. ಈಚೆಗೆ ಇದೇ ತತ್ತ್ವದ ಉಕ್ಕಿನ ಪಾತ್ರೆಗಳನ್ನು ಅಂಗಡಿಯಲ್ಲಿಯೂ ಮಾರುತ್ತಾರೆ. ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಅವು ಬಳಕೆಗೆ ಬಂದಿವೆ.

ಪೆಟ್ಟಿಗೆಯಲ್ಲಿ ಹೊಸ ಕಾವು ಹುಟ್ಟುವುದಿಲ್ಲ, ಕೊಟ್ಟ ಕಾವು ಉಳಿಯುವುದು ಮಾತ್ರ ಎಂಬುದನ್ನು ಮರೆಯಬಾರದು. ಆದುದರಿಂದ ಮೂರು ನಾಲ್ಕು ಗಂಟೆಯೊಳಗೆ ತೆಗೆದು ಉಣ್ಣಬೇಕು, ರಾತ್ರಿಯೆಲ್ಲ ಇಡಬಾರದು, ಆರಿದಂತೆ ತೋರಿದರೆ ಪುನಃ ಕುದಿಸಬೇಕು. ಮಾಂಸವನ್ನು ಇದರಲ್ಲಿ ಬೇಯಿಸದಿರುವುದೇ ಲೇಸು.

ತಪ್ಪದೆ ಪಾಲಿಸತಕ್ಕ ನಿಯಮಗಳು

ಮಂದವಾದ ಕಾವು ಒಳ್ಳೆಯ ಸೇವಕ. ಆದರೆ ಅದರ ಮಿತಿಯನ್ನು ತಿಳಿಯದವರಿಗೆ ಅಪಾಯವುಂಟು. ಆದಕಾರಣ ಈ ಭಾಗವನ್ನು ತಾಯಂದಿರು ಎರಡು ಸಾರಿ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು ಕಾಳುಗಳ ವಿಷಯ. ಇದನ್ನು ನಾವು ಪುಸ್ತಕದಿಂದಲ್ಲ, ನಮ್ಮ ತಪ್ಪಿನಿಂದಲೇ ಕಲಿತೆವು. ಸ್ಲೋ ಕುಕ್ಕರನ್ನು ಹೊಸದಾಗಿ ತಂದಾಗ ರಾಜ್ಮಾ ಕಾಳನ್ನು ನೆನೆಯಿಸಿ, ಕುದಿಸದೆ ನೇರವಾಗಿ ಅದರಲ್ಲಿ ಹಾಕಿ ಕೆಳಮಟ್ಟದಲ್ಲಿಟ್ಟೆವು. ಸಾಯಂಕಾಲ ಮನೆಯವರೆಲ್ಲರೂ ಉಂಡೆವು. ರಾತ್ರಿ ಎಲ್ಲರೂ ವಾಂತಿ ಮಾಡಿಕೊಂಡೆವು. ಆ ಕಾಳಿನಲ್ಲಿ ಹುಟ್ಟಿನಿಂದಲೇ ಒಂದು ವಿಷವಿರುವುದು. ಲೆಕ್ಟಿನ್ ಎಂಬ ಜಾತಿಯದು. ಸರಿಯಾಗಿ ಬೇಯದ ನಾಲ್ಕೈದು ಕಾಳುಗಳೇ ವಾಂತಿ ಭೇದಿಗಳಿಗೆ ಸಾಕು. ಪೂರ್ಣ ಕುದಿತದಿಂದ ಆ ವಿಷವು ನಾಶವಾಗುವುದು. ಕುದಿಯದಷ್ಟು ಮಂದವಾದ ಕಾವಿನಿಂದ ನಾಶವಾಗದಿರುವುದು ಮಾತ್ರವಲ್ಲ, ಹೆಚ್ಚಾಗಲೂಬಹುದು. ಆದುದರಿಂದ ರಾಜ್ಮಾವನ್ನು ರಾತ್ರಿಯೆಲ್ಲ ನೆನೆಯಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಒಲೆಯ ಮೇಲೆ ಕುದಿಸಿದ ಮೇಲೆಯೇ ಮಂದಪಾಕಕ್ಕೆ ಹಾಕತಕ್ಕದ್ದು. ಇತರ ಇಡಿಯ ಕಾಳುಗಳನ್ನೂ ಮೊದಲು 10 ನಿಮಿಷ ಕುದಿಸುವುದು ಒಳ್ಳೆಯ ಅಭ್ಯಾಸ.

ಎರಡನೆಯದು ಕ್ರಿಮಿಗಳ ವಿಷಯ. 5 ಡಿಗ್ರಿಯಿಂದ 60 ಡಿಗ್ರಿಯ ವರೆಗಿನ ಉಷ್ಣದಲ್ಲಿ ಆಹಾರವನ್ನು ಕೆಡಿಸುವ ಕ್ರಿಮಿಗಳು ವೇಗವಾಗಿ ಹೆಚ್ಚುವುವು. ಪದಾರ್ಥವು ಈ ಅಂತರವನ್ನು ಬೇಗನೆ ದಾಟುವಂತೆ ನೋಡಿಕೊಳ್ಳಬೇಕು. ಹಾಗಾಗಿ ಪಾತ್ರೆಗೆ ತಣ್ಣೀರಿನ ಬದಲು ಬಿಸಿನೀರನ್ನು ಹಾಕುವುದು ಲೇಸು. ಮಂಜುಗಟ್ಟಿದ ಮಾಂಸವನ್ನು ಪೂರ್ಣವಾಗಿ ಕರಗಿಸದೆ ಹಾಕಬಾರದು. ನಿನ್ನೆಯ ಸಾರನ್ನು ಬಿಸಿಮಾಡುವುದಕ್ಕೆ ಇದನ್ನು ಉಪಯೋಗಿಸಬಾರದು. ಅದನ್ನು ಒಲೆಯ ಮೇಲೆಯೇ ಕುದಿಸಬೇಕು.

ಮೂರನೆಯದು ಮುಚ್ಚಳದ ವಿಷಯ. ಹೊಸಬರು ಕುತೂಹಲದಿಂದ ಮುಚ್ಚಳವನ್ನು ತೆರೆದು ನೋಡುವರು. ಒಂದು ಸಾರಿ ತೆರೆದರೆ ಹೋದ ಕಾವು ಮರಳುವುದಕ್ಕೆ 20 ನಿಮಿಷವೋ ಅರ್ಧ ಗಂಟೆಯೋ ಬೇಕು. ಕಾವಲನ್ನು ಬಿಡುವುದಕ್ಕಾಗಿಯೇ ತಂದ ಪಾತ್ರೆಯನ್ನು ಕಾಯುತ್ತ ಕುಳಿತುಕೊಳ್ಳುವುದು ಯಾವ ನ್ಯಾಯ?

ನಾಲ್ಕನೆಯದು ಅಳತೆ. ಪಾತ್ರೆಯು ಅರ್ಧಕ್ಕಿಂತ ಕಡಿಮೆಯೂ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚೂ ತುಂಬಿರಬಾರದು. ಆಲೂಗಡ್ಡೆ, ಸುವರ್ಣಗಡ್ಡೆ ಮೊದಲಾದುವು ಇದರಲ್ಲಿ ಮಾಂಸಕ್ಕಿಂತ ನಿಧಾನವಾಗಿ ಬೇಯುವುದರಿಂದ ಅವುಗಳನ್ನು ತಳದಲ್ಲಿ ಹಾಕಬೇಕು. ಹುಣಿಸೆಹಣ್ಣು, ಟೊಮೇಟೊ ಮುಂತಾದ ಹುಳಿಗಳು ಬೇಳೆಕಾಳುಗಳನ್ನು ಮೆತ್ತಗಾಗಗೊಡಿಸವು. ಅವು ಬೆಂದ ಮೇಲೆಯೇ ಹುಳಿ ಹಾಕಬೇಕು. ತೆಂಗಿನ ಹಾಲು, ಮೊಸರು ಇವು ಒಡೆಯುವುದರಿಂದ ಕಡೆಗೆ ಹಾಕತಕ್ಕದ್ದು.

ಐದನೆಯದು ವಿದ್ಯುತ್ತಿನ ವಿಷಯ. ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ನಮ್ಮ ಕಡೆ ಹೊಸತಲ್ಲ. ನೀವು ಮನೆಯಲ್ಲಿದ್ದರೆ ಕೂಡಲೇ ಪದಾರ್ಥವನ್ನು ಬೇರೆ ಪಾತ್ರೆಗೆ ಸುರಿದು ಒಲೆಯ ಮೇಲೆ ಬೇಯಿಸಿ ಮುಗಿಸಬೇಕು. ನೀವು ಇಲ್ಲದಿರುವಾಗ ಎಷ್ಟು ಹೊತ್ತು ವಿದ್ಯುತ್ ಇರಲಿಲ್ಲವೆಂಬುದು ತಿಳಿಯದೆ ಹೋದರೆ, ನೋಡುವುದಕ್ಕೆ ಚೆನ್ನಾಗಿದ್ದರೂ ಆ ಊಟವನ್ನು ಚೆಲ್ಲಿಬಿಡಬೇಕು. ಅನ್ನವನ್ನು ಚೆಲ್ಲುವುದು ಮನಸ್ಸಿಗೆ ನೋವೇ. ಆದರೆ ಮಕ್ಕಳ ಆರೋಗ್ಯವು ಅದಕ್ಕಿಂತ ದೊಡ್ಡದು. ಕಾದ ಪಿಂಗಾಣಿ ಪಾತ್ರೆಗೆ ತಣ್ಣೀರು ಸೋಕಿದರೆ ಅದು ಸೀಳುವುದೆಂಬುದನ್ನೂ ನೆನಪಿಡಬೇಕು.

ದಿನನಿತ್ಯದ ನಾಲ್ಕು ಅಡುಗೆಗಳು

ಸ್ಲೋ ಕುಕ್ಕರಿನಲ್ಲಿ ಮಾಡಬಹುದಾದ ನಾಲ್ಕು ಸಾಮಾನ್ಯ ಅಡುಗೆಗಳನ್ನು ಇಲ್ಲಿ ಕೊಟ್ಟಿದ್ದೇವೆ. ಪಾತ್ರೆಗಳಲ್ಲಿ ಭೇದವಿರುವುದರಿಂದ ಹೊತ್ತು ಸ್ವಲ್ಪ ಹೆಚ್ಚುಕಡಿಮೆಯಾದೀತು. ಮೊದಲನೆಯ ಸಲ ಮನೆಯಲ್ಲಿದ್ದು ಪರೀಕ್ಷಿಸಿಕೊಳ್ಳಬೇಕು.

ಕುಚ್ಚಲಕ್ಕಿ ಗಂಜಿ: ಅಕ್ಕಿ 1 ಲೋಟ, ಕುದಿಯುವ ನೀರು 6 ಲೋಟ. ರಾತ್ರಿ 10 ಗಂಟೆಗೆ ಕೆಳಮಟ್ಟದಲ್ಲಿಟ್ಟರೆ ಬೆಳಿಗ್ಗೆ 6 ಗಂಟೆಗೆ ಮೆತ್ತಗೆ ಬೆಂದಿರುವುದು. ಉಪ್ಪನ್ನು ಆಗ ಹಾಕಿಕೊಂಡು ಚಟ್ನಿಯೊಡನೆಯಾಗಲಿ ಉಪ್ಪಿನಕಾಯಿಯೊಡನೆಯಾಗಲಿ ಉಣ್ಣಬಹುದು. ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಇದಕ್ಕಿಂತ ಹಿತವಾದ ಬೆಳಗಿನ ಊಟವಿಲ್ಲ.

ತೊಗರಿಬೇಳೆಯ ತೊವ್ವೆ: ಬೇಳೆ 1 ಲೋಟವನ್ನು ಅರ್ಧ ಗಂಟೆ ನೆನೆಯಿಸಿ, ನೀರನ್ನು ಬಸಿದು, ಬಿಸಿನೀರು 4 ಲೋಟ, ಅರಸಿನ ಒಂದು ಚಿಟಿಕೆ, ಎಣ್ಣೆ ಒಂದು ಚಮಚ ಸೇರಿಸಿ ಮೇಲ್ಮಟ್ಟದಲ್ಲಿ 4 ಗಂಟೆ ಇಡಬೇಕು. ಬೆಂದ ಮೇಲೆ ಉಪ್ಪು, ಲಿಂಬೆಯ ರಸ, ಸಾಸಿವೆ ಕರಿಬೇವಿನ ಒಗ್ಗರಣೆ.

ಹುರುಳಿ ಸಾರು: ಹುರುಳಿ 1 ಲೋಟವನ್ನು 8 ಗಂಟೆ ನೆನೆಯಿಸಿ ಬಸಿದು, ಹೊಸ ನೀರಿನಲ್ಲಿ 10 ನಿಮಿಷ ಕುದಿಸಿ, ಆ ಮೇಲೆ 5 ಲೋಟ ಬಿಸಿನೀರಿನೊಡನೆ ಕೆಳಮಟ್ಟದಲ್ಲಿ 8 ಗಂಟೆ ಇಡಬೇಕು. ಕಟ್ಟನ್ನು ಬಸಿದು ಹುಣಿಸೆಯ ರಸ, ಉಪ್ಪು, ಮೆಣಸಿನ ಪುಡಿ ಸೇರಿಸಿ ಒಲೆಯ ಮೇಲೆ ಒಂದು ಕುದಿ ಬರಿಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರು. ಉಳಿದ ಕಾಳಿಗೆ ತೆಂಗಿನ ತುರಿ ಹಾಕಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಪದಾರ್ಥಗಳಾದುವು.

ಆದಿತ್ಯವಾರದ ಕುರಿಮಾಂಸದ ಸಾರು: ಎಲುಬಿನ ಸಹಿತವಾದ ಮಾಂಸ ಅರ್ಧ ಕಿಲೋ. ನೀರುಳ್ಳಿಯನ್ನೂ ಅರೆದ ಮಸಾಲೆಯನ್ನೂ ಒಲೆಯ ಮೇಲೆ ಹುರಿದು, ಮಾಂಸವನ್ನು ಅದರಲ್ಲಿ ಹೊರಳಿಸಿ, ತಳದಲ್ಲಿ ಆಲೂಗಡ್ಡೆ ಹೋಳುಗಳನ್ನು ಹಾಸಿದ ಪಾತ್ರೆಗೆ ಸುರಿದು, 2 ಲೋಟ ಬಿಸಿನೀರನ್ನೂ ಉಪ್ಪನ್ನೂ ಹಾಕಿ ಮೇಲ್ಮಟ್ಟದಲ್ಲಿ 5 ಗಂಟೆ ಇಡಬೇಕು. ಕಡೆಯ ಅರ್ಧ ಗಂಟೆಯಲ್ಲಿ ತೆಂಗಿನ ಹಾಲು. ಗಟ್ಟಿಯಾದ ಅಗ್ಗದ ಮಾಂಸವೇ ಇದಕ್ಕೆ ಉತ್ತಮ; ಅದರ ನಾರು ನರಗಳು ದೀರ್ಘವಾದ ಮಂದ ಕಾವಿನಲ್ಲಿ ಕರಗಿ ಸಾರಿಗೆ ಮಂದತನವನ್ನು ಕೊಡುವುವು. ಬೆಳಿಗ್ಗೆ ಎಂಟಕ್ಕೆ ಇಟ್ಟು ಆರಾಧನೆಗೆ ಹೋದವರು, ಅಡುಗೆಯ ಚಿಂತೆಯಿಲ್ಲದೆ ಪ್ರಸಂಗವನ್ನು ಕೇಳಿ ಬಂದು ಒಂದು ಗಂಟೆಗೆ ಉಣ್ಣಬಹುದು.

ಎಲ್ಲವೂ ಇದರಿಂದ ಆಗದು. ರಾಗಿಮುದ್ದೆಗೆ ತಿರುವುವ ಕೈ ಬೇಕು; ದೋಸೆ ರೊಟ್ಟಿಗಳಿಗೆ ಕಾದ ಕಾವಲಿ ಬೇಕು; ಸೊಪ್ಪು ಇದರಲ್ಲಿ ಬಣ್ಣಗೆಡುವುದು; ಮೀನು ಒಡೆದುಹೋಗುವುದು. ನೀರು ಕಾದು, ಕಾಲ ಕಾದು ಮೆತ್ತಗಾಗತಕ್ಕ ಪದಾರ್ಥಗಳಿಗೆ ಮಾತ್ರ ಇದು ತಕ್ಕದ್ದು.

ಉಳಿದ ಹೊತ್ತು ಯಾರದು?

ನಾವು ಆರಂಭದಲ್ಲಿ ಹೇಳಿದ ಹುಡುಗಿಯ ಮನೆಯಲ್ಲಿ ವಿದ್ಯುತ್ ಪಾತ್ರೆಯನ್ನು ಕೊಂಡುಕೊಳ್ಳುವ ಅನುಕೂಲತೆ ಇರಲಿಲ್ಲ. ನಮ್ಮ ಕೈಗೆಲಸದ ತರಗತಿಯಲ್ಲಿ ಹುಡುಗಿಯರೇ ಸೇರಿ ಒಂದು ಹುಲ್ಲಿನ ಪೆಟ್ಟಿಗೆಯನ್ನು ಮಾಡಿದರು. ತಾಯಿಯು ಬೆಳಿಗ್ಗೆ ತನ್ನ ಚಹಾ ಕಾಯಿಸುವಾಗ ಪಕ್ಕದ ಒಲೆಯಲ್ಲಿ ಅಕ್ಕಿಯನ್ನು ಕುದಿಸಿ ಪೆಟ್ಟಿಗೆಯಲ್ಲಿಟ್ಟು ಹೋಗತೊಡಗಿದಳು. ಎಂಟು ಗಂಟೆಗೆ ಊಟವು ಸಿದ್ಧವಾಗಿರುತ್ತಿತ್ತು. ಮಗಳಿಗೆ ಬೆಳಿಗ್ಗೆ ಒಂದೂವರೆ ಗಂಟೆ ಉಳಿಯಿತು.

ಆದರೂ ಹದಿನೈದು ದಿನಗಳ ಮೇಲೆ ನೋಡಿದರೆ ಅವಳು ಹಿಂದಿನಂತೆಯೇ ತೂಕಡಿಸುತ್ತಿದ್ದಳು. ಪುನಃ ವಿಚಾರಿಸಿದೆವು. ಒಲೆಯ ಕಾವಲು ತಪ್ಪಿತೆಂದು ತಿಳಿದ ಮನೆಯವರು ಆ ಹೊತ್ತಿಗೆ ತಮ್ಮಂದಿರ ಬಟ್ಟೆ ಒಗೆಯುವುದನ್ನೂ ಅಂಗಳ ಗುಡಿಸುವುದನ್ನೂ ಅವಳಿಗೇ ಒಪ್ಪಿಸಿದ್ದರು! ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಹುಡುಗಿಯ ಕೈ ಬರಿದಾಗಿರುವುದನ್ನು ಕಂಡು ಕೆಲಸ ಕೊಡುವುದು ನಮ್ಮ ಮನೆಗಳ ಅಭ್ಯಾಸ; ಹುಡುಗನ ಕೈ ಬರಿದಾಗಿದ್ದರೆ ಅದು ಯಾರ ಕಣ್ಣಿಗೂ ಬೀಳದು.

ಆಗ ನಾವು ತಂದೆತಾಯಿಗಳಿಬ್ಬರನ್ನೂ ಕರೆಯಿಸಿ ಮಾತನಾಡಿದೆವು. ದಶಾಜ್ಞೆಗಳಲ್ಲಿ ಸಬ್ಬತ್ತಿನ ವಿಶ್ರಾಂತಿ ಯಾರಿಗೆಂದು ಹೇಳುವ ಸ್ಥಳದಲ್ಲಿ ಮಗನ ಹೆಸರಿನೊಡನೆ ಮಗಳ ಹೆಸರೂ, ದಾಸನ ಹೆಸರಿನೊಡನೆ ದಾಸಿಯ ಹೆಸರೂ ಬಂದಿರುವುದನ್ನು ಅವರಿಗೆ ತೋರಿಸಿದೆವು. ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಟ್ಟೆ ಹುಡುಗರೇ ಒಗೆಯಲಿ ಬಿಡಿ ಟೀಚರ್, ಅವರಿಗೇನು ಕೈ ಇಲ್ಲವೇ?" ಅಂದನು. ಅಂದಿನಿಂದ ಆ ಮನೆಯಲ್ಲಿ ಬೆಳಿಗ್ಗೆ ಆರರಿಂದ ಏಳೂವರೆಯ ವರೆಗೆ ಮಗಳ ಓದಿನ ಹೊತ್ತೆಂದು ಗೊತ್ತುಮಾಡಿದರು. ಈಗ ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಹುಲ್ಲಿನ ಪೆಟ್ಟಿಗೆಯಿಂದಲೇ ಹೀಗಾಯಿತೆಂದು ನಾವು ಹೇಳುವುದಿಲ್ಲ. ಪೆಟ್ಟಿಗೆಯು ಹೊತ್ತನ್ನು ಬಿಡಿಸಿಕೊಟ್ಟಿತು, ಅದನ್ನು ಮಗಳಿಗೆ ಕೊಟ್ಟವರು ತಂದೆತಾಯಿಗಳು.

ನಾವು ಹೇಳಬೇಕೆಂದಿದ್ದುದು ಇಷ್ಟೇ. ಪಾತ್ರೆಗಳು ದಿನದಿಂದ ದಿನಕ್ಕೆ ಹೊಸದಾಗಿ ಬರುವುವು; ಪ್ರತಿಯೊಂದೂ ಮನೆಯ ಸ್ತ್ರೀಗೆ ಬಿಡುವು ಕೊಡುವುದೆಂದು ಹೇಳಿಕೊಂಡೇ ಬರುವುದು. ಆದರೆ ಪಾತ್ರೆಗೆ ಹೊತ್ತನ್ನು ಉಳಿಸುವ ಶಕ್ತಿಯಿದೆಯೇ ಹೊರತು ಅದನ್ನು ಕಾಪಾಡುವ ಶಕ್ತಿಯಿಲ್ಲ. ಉಳಿದ ಹೊತ್ತನ್ನು ಇನ್ನೊಂದು ಕೆಲಸವು ಕೂಡಲೇ ಬಂದು ನುಂಗದಂತೆ ಮನೆಯವರೇ ಬೇಲಿ ಹಾಕಬೇಕು. ಲೂಕನ ಸುವಾರ್ತೆಯಲ್ಲಿ ಬರುವ ಮಾರ್ಥಳ ಬೇಸರವನ್ನು ಅಡುಗೆ ಮಾಡಿದ ಯಾವ ಸ್ತ್ರೀಯೂ ಅರಿಯಬಲ್ಲಳು. ಅವಳೂ ತಂಗಿಯಾದ ಮರಿಯಳೊಡನೆ ಕುಳಿತು ಕೇಳುವಂತಾಗಬೇಕಾದರೆ, ಮಡಕೆಯು ತನ್ನಷ್ಟಕ್ಕೆ ಬೇಯಬೇಕು. ಮನೆಯ ಇತರರೂ ಎದ್ದು ಬಡಿಸಲು ಕಲಿಯಬೇಕು.

ಆದುದರಿಂದ ಪೋಷಕರಲ್ಲಿ ನಮ್ಮದೊಂದು ಬಿನ್ನಹ: ಮಂದಪಾಕದ ಪಾತ್ರೆಯನ್ನೋ ಹುಲ್ಲಿನ ಪೆಟ್ಟಿಗೆಯನ್ನೋ ಮನೆಗೆ ತಂದಾಗ, ಅದನ್ನು ತುಂಬುವುದನ್ನು ಗಂಡುಮಕ್ಕಳಿಗೂ ಕಲಿಸಿರಿ, ಅದು ಉಳಿಸಿದ ಹೊತ್ತು ಯಾರದೆಂಬುದನ್ನು ಮೊದಲೇ ಗೊತ್ತುಮಾಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಇನ್ನೊಂದು: ನೀವು ಈಗ ಗೃಹಿಣಿಯರೂ ಉದ್ಯೋಗಸ್ಥೆಯರೂ ಆಗಿದ್ದೀರಿ. ನಿಮಗೆ ಉಳಿದ ಹೊತ್ತಿನಲ್ಲಿ ಒಂದು ಪಾಲನ್ನಾದರೂ ಪುಸ್ತಕಕ್ಕೂ ಪ್ರಾರ್ಥನೆಗೂ ಸುಮ್ಮನೆ ಕುಳಿತಿರುವುದಕ್ಕೂ ಇಟ್ಟುಕೊಳ್ಳಿರಿ. ನೀವು ಕುಳಿತಿರುವುದನ್ನು ಕಂಡ ನಿಮ್ಮ ಹೆಣ್ಣುಮಕ್ಕಳು, ತಾವೂ ಕುಳಿತು ಓದಬಹುದೆಂದು ಕಲಿಯುವರು.

ದೇವರು ನಿಮ್ಮೆಲ್ಲರ ಮನೆಗಳ ಅನ್ನವನ್ನೂ ಬಿಡುವನ್ನೂ ಆಶೀರ್ವದಿಸಲಿ.